224 ಮಗ್ಗ, 29 ಜನ

ಕೆಲಸದ ಜಾಗದಲ್ಲಿ ಜನ ಯಾಕೆ ಹೀಗೆ ನಡೆದುಕೊಳ್ಳುತ್ತಾರೆ ಎಂದು ಕೇಳಿದರೆ ನಾವು ಥಟ್ಟನೆ ಸ್ವಭಾವದ ಮಾತೆತ್ತುತ್ತೇವೆ. ಅವನು ಸೋಮಾರಿ, ಇವಳು ಯಾರ ಜೊತೆಗೂ ಹೊಂದುವುದಿಲ್ಲ ಎನ್ನುತ್ತೇವೆ. ಸ್ವಭಾವ ಅಳೆಯುವ ಮುಂಚೆ ಕೆಲಸ ಹಂಚಿರುವ ರೀತಿ ನೋಡಿ ಎಂಬುದು ನನ್ನ ಅರಿಕೆ. ಅದಕ್ಕಾಗಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ಒಂದು ನೇಯ್ಗೆ ಶೆಡ್ಡಿನ ಸಂಗತಿ ಹೇಳುತ್ತೇನೆ.

1952ರಲ್ಲಿ ಅಲ್ಲಿಗೆ ಸ್ವಯಂಚಾಲಿತ ಮಗ್ಗಗಳು ಬಂದವು. ಯಂತ್ರ ಹೊಸದಾದರೂ ಉತ್ಪಾದನೆ ನಿರೀಕ್ಷೆ ಮುಟ್ಟಲಿಲ್ಲ. ಮರುವರ್ಷ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕ ಎ. ಕೆ. ರೈಸ್ ಬಂದು ನೋಡಿದರು. 224 ಮಗ್ಗಗಳಿಗೆ 29 ಜನ, ಅವರಲ್ಲಿ 12 ಬಗೆಯ ಕೆಲಸ. ನೇಯುವವನು ಬೇರೆ, ಮಗ್ಗದ ಬ್ಯಾಟರಿ ಎಂಬ ಭಾಗಕ್ಕೆ ಹೊಕ್ಕಿನ ಕಂಡಿಕೆ ತುಂಬುವವನು ಬೇರೆ, ಹಾಸಿನ ಎಳೆಗಳು ಒಟ್ಟಿಗೆ ಕಡಿದರೆ ಕಟ್ಟಿ ಸರಿಪಡಿಸುವವನು ಬೇರೆ. ಎಣ್ಣೆ ಹಾಕುವುದು, ಗುಡಿಸುವುದು ಮತ್ತೊಬ್ಬರ ಪಾಲು. ಒಬ್ಬೊಬ್ಬರಿಗೆ ಬಿಟ್ಟ ಮಗ್ಗಗಳ ಲೆಕ್ಕವೂ ಒಂದೇ ಇರಲಿಲ್ಲ. ಎಳೆ ಕಡಿದು ಮಗ್ಗ ನಿಂತಿತು ಅನ್ನಿ. ಕಟ್ಟುವವನು ಆ ಹೊತ್ತಿಗೆ ಇನ್ನೊಬ್ಬ ನೇಕಾರನ ಮಗ್ಗದ ಹತ್ತಿರ ಇರುತ್ತಾನೆ. ಅವನನ್ನು ಕರೆಯುವ ಹಕ್ಕು ಯಾರದು? ಹೀಗಿರುವಾಗ ಒಳ್ಳೆಯ ಸ್ವಭಾವದವರ ನಡುವೆಯೂ ಮನಸ್ತಾಪ ಹುಟ್ಟುತ್ತದೆ.

ರೈಸ್ ಯಾರಿಗೂ ಬುದ್ಧಿ ಹೇಳಲಿಲ್ಲ. ಸಣ್ಣ ಸಣ್ಣ ಗುಂಪು ಮಾಡಿ, ಇಷ್ಟು ಮಗ್ಗಗಳ ಪೂರ್ತಿ ಹೊಣೆ ಒಂದೊಂದು ಗುಂಪಿಗೆ ಬಿಡಬಹುದು ಎಂದು ಸೂಚಿಸಿದರು. ಯಾರ ಜೊತೆ ಯಾರು ಸೇರಬೇಕೆಂಬುದನ್ನು ಕಾರ್ಮಿಕರೇ ಬಲು ಬೇಗ ತೀರ್ಮಾನಿಸಿಕೊಂಡರು. ಈ ಕಥೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಇದೇ. ಕೂಡಿ ದುಡಿಯುವ ಆಸೆ ಅವರಲ್ಲಿ ಮೊದಲೇ ಇತ್ತು, ಹಂಚಿಕೆಯ ಪಟ್ಟಿ ಅದಕ್ಕೆ ಅಡ್ಡ ನಿಂತಿತ್ತು. ಆರಂಭದ ಏರುಪೇರು ಕಳೆದ ಮೇಲೆ ಉತ್ಪಾದನೆ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು.

ಗುಂಪು ಎಂದರೆ ಸದಾ ಹೆಚ್ಚು ದುಡಿಮೆ ಎಂದೇನೂ ಅಲ್ಲ. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ 14 ಜನರ ಒಂದು ಗುಂಪನ್ನು ಗಮನಿಸಿದಾಗ, ದಿನಕ್ಕೆ ಇಷ್ಟೇ ಕೆಲಸ ಸಾಕೆಂದು ಅವರು ತಮ್ಮೊಳಗೇ ಗೆರೆ ಎಳೆದುಕೊಂಡಿದ್ದರು. ಗೆರೆ ದಾಟಿದವನ ತೋಳಿಗೆ ಗುದ್ದು ಬೀಳುತ್ತಿತ್ತು. ಹೆಚ್ಚು ಮಾಡಿ ತೋರಿಸಿದರೆ ಕೂಲಿಯ ದರ ಇಳಿಸುತ್ತಾರೆಂಬ ಭಯ ಅವರಲ್ಲಿತ್ತು. ಅದನ್ನು ಸೋಮಾರಿತನ ಎನ್ನಲು ನಾನು ಒಪ್ಪುವುದಿಲ್ಲ.

1970ರ ಹೊತ್ತಿಗೆ ಅದೇ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಮಿಲ್ಲರ್ ಅಹಮದಾಬಾದಿನ ಆ ಮಿಲ್ಲಿನ ಶೆಡ್ಡುಗಳನ್ನು ಮತ್ತೆ ಪರಿಶೀಲಿಸಿದರು. ಒಂದು ಕಡೆ ಗುಂಪಿನ ಪದ್ಧತಿ ಗಟ್ಟಿಯಾಗಿ ಉಳಿದಿತ್ತು, ಇನ್ನೊಂದು ಕಡೆ ಬಹುಮಟ್ಟಿಗೆ ಕರಗಿಹೋಗಿತ್ತು. ಹೊರಗಿನ ಒತ್ತಡ ಹೆಚ್ಚಿದಂತೆ ಅಲ್ಲಿ ಮೇಲ್ವಿಚಾರಕರು ಗುಂಪಿನೊಳಗಿನ ಕೆಲಸಕ್ಕೂ ಕೈಹಾಕತೊಡಗಿದ್ದರು.