ಶಿವಪ್ಪನಾಯಕನ ಶಿಸ್ತೂ ಇಂದಿನ ವಿಶ್ವವಿದ್ಯಾನಿಲಯವೂ

(ಶ್ರೀಮಠದ ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಠವೆಂದರೆ ಪೂಜೆ, ಪ್ರಸಾದ, ಪಾಠಗಳ ಸ್ಥಾನವೆಂಬುದು ಎಲ್ಲರೂ ಬಲ್ಲ ಮಾತು. ವಿಶ್ವವಿದ್ಯಾನಿಲಯವೆಂದರೆ ಪರೀಕ್ಷೆ, ಪದವಿ, ಉದ್ಯೋಗಗಳ ಸ್ಥಾನವೆಂಬ ಭಾವನೆಯೂ ಜನರಲ್ಲಿ ಅಷ್ಟೇ ಬಲವಾಗಿ ನೆಲೆಯೂರಿರುವುದು. ಇವೆರಡಕ್ಕೂ ಏನು ಸಂಬಂಧ? ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳ ಸದ್ಭಕ್ತರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕಾದ ಕಾಲ ಒದಗಿದೆ. ಭಕ್ತರ ಮನೆಯ ಒಲೆಯೂ ಮಠದ ದಾಸೋಹವೂ ಯಾವ ಅಡಕೆಯ ತೋಟವನ್ನು ನಂಬಿ ನಡೆಯುತ್ತಿವೆಯೋ ಆ ತೋಟಕ್ಕೆ ವ್ಯಾಧಿ ಬಂದಿರುವುದು. ಅದರ ನಿದಾನವನ್ನರಿಯುವ ಭಾರವು ವಿಶ್ವವಿದ್ಯಾನಿಲಯದ ಮೇಲೂ ಬಿದ್ದಿರುವುದು. ಆ ವಿಶ್ವವಿದ್ಯಾನಿಲಯವಾದರೋ ಈ ಸೀಮೆಯನ್ನಾಳಿದ ವೀರಶೈವ ಅರಸನೊಬ್ಬನ ಹೆಸರನ್ನು ಹೊತ್ತು ಸಾಗರ ತಾಲ್ಲೂಕಿನ ನೆಲದಲ್ಲಿಯೇ ನಿಂತಿರುವುದು. ಆದುದರಿಂದ ಮೊದಲು ಆ ಅರಸನಿಂದಲೇ ಮಾತನ್ನು ಆರಂಭಿಸುವುದು ಉಚಿತ.

ಕೆಳದಿಯ ಅರಸುಮನೆತನವು 1499ರಿಂದ 1763ರವರೆಗೆ ಈ ಮಲೆಸೀಮೆಯನ್ನು ಆಳಿತು. ಅದರ ಮೊದಲ ಎರಡು ರಾಜಧಾನಿಗಳಾದ ಕೆಳದಿ ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯ ರಾಜಧಾನಿಯಾದ ಬಿದನೂರು, ಎಂದರೆ ಈಗಿನ ನಗರವು, ಹೊಸನಗರ ತಾಲ್ಲೂಕಿನಲ್ಲಿದೆ. ಭುವನಗಿರಿಯೆಂದು ಹೆಸರಾಂತ ಕವಲೇದುರ್ಗವು ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದೆ. ಈ ಅರಸರು ಮಹತ್ತಿನ ಮಠಗಳನ್ನು ಕಟ್ಟಿಸಿ, ಜಂಗಮದಾಸೋಹಕ್ಕೆ ಭೂಮಿಗಳನ್ನು ಬಿಟ್ಟ ಸಂಗತಿಯನ್ನು ಅರಿಯದವರಾರು? ಅವರಲ್ಲಿ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರು ಯುದ್ಧಗಳಿಗಿಂತಲೂ ಹೆಚ್ಚಾಗಿ ಅವನ ‘ಶಿಸ್ತಿ’ನಿಂದ ಉಳಿದಿರುವುದು. ಶಿಸ್ತೆಂದರೆ ಭೂಮಿಯ ಕಂದಾಯದ ನಿರ್ಣಯ.

ಆ ನಿರ್ಣಯವು ಆಸ್ಥಾನದ ಗಾದಿಯ ಮೇಲೆ ಕುಳಿತು ಬರೆಯಿಸಿದುದಲ್ಲ. ಮೈಸೂರಿನ ಗೆಜೆಟಿಯರಿನಲ್ಲಿ ರೈಸ್ ಸಾಹೇಬರು ದಾಖಲಿಸಿರುವಂತೆ, ಶಿವಪ್ಪನಾಯಕನು ಗ್ರಾಮಗ್ರಾಮದಲ್ಲಿಯೂ ಒಂದೊಂದು ತರಗತಿಯ ಭೂಮಿಯಲ್ಲಿ ಒಂದೊಂದು ಗದ್ದೆಯನ್ನು ಆರಿಸಿ, ಅದನ್ನು ಅರಮನೆಯ ವೆಚ್ಚದಿಂದಲೇ ಸತತವಾಗಿ 12 ವರ್ಷ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದಕ್ಕೆ ದೊರೆತ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆದಿಡಿಸಿದನು. ಒಳ್ಳೆಯ ಮಳೆಯ ವರ್ಷವನ್ನೂ ಕೆಟ್ಟ ಮಳೆಯ ವರ್ಷವನ್ನೂ ಕೂಡಿಸಿ ಸರಾಸರಿ ಕಂಡುಹಿಡಿದು, ಉತ್ಪತ್ತಿಯ ಮೂರರಲ್ಲೊಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಮಾಡಿದನು. ಅಡಕೆಯ ತೋಟಗಳ ಅಳತೆಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದವೇ ಅಳತೆಗೋಲಾಯಿತು. ಈಗಿನ ಲೆಕ್ಕಕ್ಕೆ ಅದು 18 ಅಡಿ 6 ಅಂಗುಲ. ಇಂದು ಇಕ್ಕೇರಿಗೆ ಹೋಗಿ ದೇವರಿಗೆ ಕೈಮುಗಿದು ಬರುವ ಭಕ್ತರು, ತಾವು ಹತ್ತಿಳಿಯುವ ಕಲ್ಲಿನಲ್ಲಿ ತಮ್ಮ ಹಿರಿಯರ ತೋಟದ ಅಳತೆಯೂ ಅಡಗಿದ್ದಿತೆಂಬುದನ್ನು ನೆನೆಯಬೇಕು.

ಈ ಶಿಸ್ತು ಬೊಕ್ಕಸಕ್ಕಾಗಿ ಹುಟ್ಟಿದುದೆಂಬುದನ್ನು ಮರೆಮಾಚಬೇಕಾಗಿಲ್ಲ. ಅರಸನಿಗೆ ಹಣ ಬೇಕಾಗಿದ್ದಿತು. ಆದರೆ ಒಕ್ಕಲಿನವನಿಂದ ತೆಗೆದುಕೊಳ್ಳುವ ಮುನ್ನ ಅವನ ಭೂಮಿಯನ್ನು ಅರಿಯಬೇಕು, ಅರಿಯುವುದಕ್ಕೆ ತಾನೂ ಆ ಭೂಮಿಯಲ್ಲಿ ಬಿತ್ತಿ ಬೆಳೆದು ನೋಡಬೇಕು, ಒಂದು ವರ್ಷದ ಫಲವನ್ನು ನಂಬದೆ ಹನ್ನೆರಡು ವರ್ಷ ಕಾಯಬೇಕು ಎಂಬ ವಿವೇಕವು ಅವನಲ್ಲಿದ್ದಿತು. ಇಂದಿನ ಪಂಡಿತರು ಸಂಶೋಧನೆಯೆಂದು ಕರೆಯುವ ಕಾರ್ಯದ ಲಕ್ಷಣವೂ ಇದೇ ಅಲ್ಲವೇ? ಅಳೆಯುವುದು, ಬರೆದಿಡುವುದು, ಕಾಯುವುದು, ಕಂಡ ಮೇಲೆ ನುಡಿಯುವುದು.

ಅದೇ ಮನೆತನದ ಬಸವಪ್ಪನಾಯಕನು, ಎಂದರೆ ಬಸವರಾಜನು, 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ಅದರಲ್ಲಿ 9 ಕಲ್ಲೋಲಗಳೂ 108 ತರಂಗಗಳೂ ಇವೆ. ಶಿವತತ್ತ್ವದ ಪಕ್ಕದಲ್ಲಿಯೇ ರಾಜನೀತಿ, ವೈದ್ಯ, ಶಿಲ್ಪ, ಸಂಗೀತ, ಪಾಕಶಾಸ್ತ್ರ ಮೊದಲಾದ ಲೋಕವಿದ್ಯೆಗಳೂ ಅಲ್ಲಿ ಕುಳಿತಿರುವುವು. ಒಲೆಯ ಮೇಲಿನ ಪಾಕವಾಗಲಿ ರೋಗಿಯ ಔಷಧವಾಗಲಿ ಶಿವಜ್ಞಾನಕ್ಕೆ ಹೊರಗಿನದೆಂದು ಆ ಗ್ರಂಥಕರ್ತನಿಗೆ ತೋರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳರೂ ಅಂಬಿಗರೂ ಮೇದಾರರೂ ತಮ್ಮ ತಮ್ಮ ಕಾಯಕವನ್ನು ಬಿಡದೆ ಅನುಭಾವಗೋಷ್ಠಿಯಲ್ಲಿ ಸಮಾನರಾಗಿ ಕುಳಿತ ಪರಂಪರೆಗೆ ಇದು ಒಪ್ಪುವ ಮಾತೇ ಆಗಿದೆ. ವಿದ್ಯೆಗಳು ಹಲವು, ಅವುಗಳೆಲ್ಲಕ್ಕೂ ಒರೆಗಲ್ಲು ಒಂದೇ. ಪಡೆದ ಜ್ಞಾನವು ದಾಸೋಹವಾಗಿ ಜನಕ್ಕೆ ಮರಳಿತೇ ಇಲ್ಲವೇ ಎಂಬುದೇ ಆ ಒರೆಗಲ್ಲು.

ಈ ಒರೆಗಲ್ಲನ್ನು ಕೈಯಲ್ಲಿ ಹಿಡಿದು ಇಂದಿನ ವಿದ್ಯಾಲಯಗಳನ್ನು ನೋಡೋಣವಾಗಲಿ. ಶಿವಮೊಗ್ಗೆಯ ಜಿಲ್ಲೆಯಲ್ಲಿ ಎರಡು ವಿಶ್ವವಿದ್ಯಾನಿಲಯಗಳುಂಟು. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ‘ಜ್ಞಾನಸಹ್ಯಾದ್ರಿ’ಯೆಂಬ ಹೆಸರಿನಿಂದ ನೆಲೆಗೊಂಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ ಬೆಳೆದು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದು, ಉನ್ನತ ವಿದ್ಯೆಯೂ ಕನ್ನಡದಲ್ಲಿಯೇ ದೊರೆಯಬೇಕೆಂದು ಹೋರಾಡಿದ ಕವಿಯ ಹೆಸರು ಅದಕ್ಕೆ ಸಂದಿದೆ. ಅಲ್ಲಿ ಕನ್ನಡ ಭಾರತಿಯಿದೆ, ಇತಿಹಾಸವಿದೆ, ಸಸ್ಯಶಾಸ್ತ್ರವಿದೆ, ಕಾಡಿನ ಮೃಗಪಕ್ಷಿಗಳ ಅಧ್ಯಯನವೂ ಇದೆ. ಎರಡನೆಯದು 2012ರಲ್ಲಿ ಸ್ಥಾಪಿತವಾಗಿ, ಮುಂದೆ ಕೆಳದಿ ಶಿವಪ್ಪನಾಯಕನ ಹೆಸರನ್ನು ಧರಿಸಿ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ನೆಲೆಗೊಂಡ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಭತ್ತ, ಅಡಕೆ, ಮೆಣಸು, ಮಣ್ಣು, ಕೀಟ, ಜೇನು ಇವೆಲ್ಲವೂ ಅಲ್ಲಿಯ ವಿದ್ವಾಂಸರಿಗೆ ಪಾಠದ ವಸ್ತುಗಳು. ಕಾವ್ಯವನ್ನು ಓದುವವರೂ ಕೀಟವನ್ನು ಓದುವವರೂ ಒಂದೇ ಜಿಲ್ಲೆಯಲ್ಲಿರುವುದು ಭಾಗ್ಯವೇ ಸರಿ.

ಆದರೆ ತೋಟದ ಯಜಮಾನನು ಕೇಳುವ ಪ್ರಶ್ನೆ ಬೇರೆ. “ಅಷ್ಟೆಲ್ಲ ಓದಿದವರಿಂದ ನಮ್ಮ ಮರಕ್ಕೇನಾಯಿತು?” ಎಂದು ಅವನು ಕೇಳುವನು. ಆ ಪ್ರಶ್ನೆಗೆ ಹಿಂದೊಮ್ಮೆ ಉತ್ತರ ದೊರೆತಿದ್ದಿತು. ಮಳೆಗಾಲದಲ್ಲಿ ಎಳೆಯ ಅಡಕೆಯು ಕೊಳೆತು ಉದುರುವ ಕೊಳೆರೋಗಕ್ಕೆ ಹಿರಿಯರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನವು 1908ರಲ್ಲಿ ಕರೆಯಿಸಿಕೊಂಡ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶೋಧಿಸಿ, ಇದಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ಬೂಷ್ಟೆಂಬುದನ್ನು 1910ರಲ್ಲಿ ಪ್ರಕಟಪಡಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣದ ಸಿಂಪಡಣೆಯು ಬಳಕೆಗೆ ಬಂದಿತು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣದ ತಿಳಿಗೆ ತುತ್ತದ ನೀರನ್ನು ಸುರಿಯಬೇಕು. ಕಬ್ಬಿಣದ ಕತ್ತಿಯನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಇಂದು ಅಕ್ಷರವರಿಯದ ಆಳೂ ಇದನ್ನು ಬಲ್ಲನು. ಶಾಸ್ತ್ರವು ಮನೆಮಾತಾಯಿತೆಂದರೆ ಇದೇ. ಯಾರು ಕಂಡುಹಿಡಿದರೆಂಬುದನ್ನು ಜನ ಮರೆತರೂ ಕಂಡುಹಿಡಿದುದು ಅವರ ಕೈಯಲ್ಲಿ ಉಳಿಯಿತು.

ಈಗಿನ ಕಷ್ಟ ಎಲೆಚುಕ್ಕೆ ರೋಗದ್ದು. 2020ರಿಂದ ಈಚೆಗೆ ಹೊಸನಗರ ತೀರ್ಥಹಳ್ಳಿಗಳ ಅತಿವೃಷ್ಟಿಯ ಭಾಗಗಳಲ್ಲಿ ಇದು ತೀವ್ರವಾಗಿ ಹರಡಿ, ಸಾಗರದ ತೋಟಗಳನ್ನೂ ಮುಟ್ಟಿತು. ಮೊದಲು ಎಲೆಯ ಮೇಲೆ ಸಣ್ಣ ಕಂದು ಚುಕ್ಕೆ, ಅದರ ಸುತ್ತ ಹಳದಿಯ ಬಳೆ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡ ಮೇಲೆ ಸೋಗೆಯು ಬೆಂಕಿ ತಗುಲಿದಂತೆ ಒಣಗುವುದು. ಮರ ಸೊರಗುವುದು, ಫಸಲು ಇಳಿಯುವುದು. ಮಂಜು, ತಂಪು, ಬಿಡದ ಮಳೆ ಇವು ಬೂಷ್ಟಿಗೆ ತೌರುಮನೆ. ಮಳೆಯ ಹನಿಯೂ ಗಾಳಿಯೂ ಅದರ ವಾಹನ. ರೋಗ ತಗುಲಿದ ಸೋಗೆಗಳನ್ನು ಕತ್ತರಿಸಿ ಸುಡುವುದು, ಬಸಿಗಾಲುವೆಗಳನ್ನು ತೆರವು ಮಾಡುವುದು, ಪೊಟ್ಯಾಷನ್ನು ಮರೆಯದೆ ಗೊಬ್ಬರ ಕೊಡುವುದು, ಮಳೆಗೆ ಮುನ್ನ ಎಲೆಗಳಿಗೂ ಔಷಧ ಸಿಂಪಡಿಸುವುದು ಇವು ವಿದ್ವಾಂಸರು ಹೇಳುವ ಉಪಾಯಗಳು. ಇವುಗಳಿಂದ ರೋಗ ತಗ್ಗುವುದು. ಒಂದೇ ಸಿಂಪಡಣೆಗೆ ಬೇರುಸಹಿತ ಹೋಗುವ ರೋಗ ಇದಲ್ಲ.

ಇಲ್ಲಿಯೇ ನಿಜವಾದ ಇಕ್ಕಟ್ಟಿರುವುದು. ಸಂಶೋಧಕನು ವರ್ಷಗಳನ್ನು ಕೇಳುವನು. ಸಾಲ ತಂದ ಒಕ್ಕಲಿಗನಿಗೆ ಮುಂದಿನ ಮಳೆಗಾಲವೇ ಅಂತಿಮ ಗಡುವು. ಶಿವಪ್ಪನಾಯಕನು ಹನ್ನೆರಡು ವರ್ಷ ಕಾಯಬಲ್ಲವನಾಗಿದ್ದನು, ಏಕೆಂದರೆ ಕಾಯುವ ವೆಚ್ಚವನ್ನು ಅರಮನೆಯೇ ಹೊತ್ತಿದ್ದಿತು. ಎರಡೆಕರೆ ತೋಟದವನಿಗೆ ಅಂಥ ಅರಮನೆ ಎಲ್ಲಿ? ಆದುದರಿಂದ ಅವನು ಪೇಟೆಯ ಅಂಗಡಿಯಲ್ಲಿ ಯಾರು ಯಾವ ಸೀಸೆ ಕೊಟ್ಟರೂ ತಂದು ಹೊಡೆಯುವನು. ಹಣವೂ ಹೋಗುವುದು, ನಂಬಿಕೆಯೂ ಹೋಗುವುದು. ಅವನನ್ನು ಅವಿವೇಕಿಯೆನ್ನುವುದು ಸುಲಭ. ಅವನು ಒಬ್ಬಂಟಿಗನೆಂಬುದೇ ಸತ್ಯ. ಅಲ್ಲದೆ ಗಾಳಿಗೆ ಬೇಲಿಯಿಲ್ಲ. ಒಬ್ಬನು ತನ್ನ ತೋಟವನ್ನು ಶುಚಿ ಮಾಡಿ, ಪಕ್ಕದವನು ಮುಪ್ಪಿನಿಂದಲೋ ಆಳಿಲ್ಲದೆಯೋ ಕೈಬಿಟ್ಟರೆ, ಇಬ್ಬರ ತೋಟವೂ ಕೆಡುವುದು. ಈ ರೋಗಕ್ಕೆ ಮದ್ದು ಅರ್ಧ ಶಾಸ್ತ್ರದಲ್ಲಿದ್ದರೆ ಅರ್ಧ ಒಗ್ಗಟ್ಟಿನಲ್ಲಿದೆ.

ವಿಶ್ವವಿದ್ಯಾನಿಲಯಗಳು ಜನರ ಬಳಿಗೆ ಬರುವ ದಾರಿಗಳು ಇಲ್ಲದಿಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವುಗಳನ್ನು ಸಣ್ಣ ಪುಸ್ತಕಗಳಾಗಿ ಅಚ್ಚುಮಾಡಿಸಿದ ಸತ್ಸಂಪ್ರದಾಯವನ್ನು ಹಾಕಿಕೊಟ್ಟಿತು. ಇಂದು ಕೃಷಿ ಮೇಳಗಳು ನಡೆಯುವುವು. ತೋಟದಲ್ಲಿಯೇ ನಿಂತು ತೋರಿಸುವ ಪ್ರಾತ್ಯಕ್ಷಿಕೆಗಳೂ ಕ್ಷೇತ್ರೋತ್ಸವಗಳೂ ನಡೆಯುವುವು. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ ಒಕ್ಕಲಿನವರ ಕೂಡ ದುಡಿದು ಕಲಿಯುವರು. ಆದರೆ ಮೇಳಕ್ಕೆ ಹೋಗಿ ಬಂದವನು ಹೊಸ ಯಂತ್ರವನ್ನು ನೋಡಿ, ಒಂದು ಗಿಡವನ್ನು ಕೊಂಡು, ಊಟ ಮಾಡಿ ಮರಳಿದರೆ ಅದು ಜಾತ್ರೆಯಾಯಿತೇ ಹೊರತು ಗೋಷ್ಠಿಯಾಗಲಿಲ್ಲ. ಪ್ರಶ್ನೆ ಕೇಳಿದವನೂ ಉತ್ತರ ಹೇಳಿದವನೂ ಒಂದೇ ಚಾಪೆಯ ಮೇಲೆ ಕುಳಿತಾಗ ಗೋಷ್ಠಿ. ಹಳೆಯ ಕೊನೆಗೌಡನೊಬ್ಬನು ಮರದ ತುದಿಯಿಂದ ಕಂಡುದನ್ನು ನೆಲದ ಮೇಲಿನ ಪಂಡಿತನು ಕಾಣಲಾರನು. ಪಂಡಿತನು ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಕೊನೆಗೌಡನು ಕಾಣಲಾರನು. ಇಬ್ಬರ ಕಣ್ಣೂ ಕೂಡಬೇಕು.

ತೋಟದ ಮಾತು ಹೀಗಾದರೆ, ಮನೆಯ ಅಟ್ಟದ ಮಾತೊಂದುಂಟು. ಈ ಸೀಮೆಯ ಹಳೆಯ ಮನೆಗಳಲ್ಲಿ ತಾಳೆಯೋಲೆಯ ಕಟ್ಟುಗಳೂ ಕಡತಗಳೂ ಹೊಗೆಯಲ್ಲಿಯೂ ಗೆದ್ದಲಿನ ಬಾಯಲ್ಲಿಯೂ ಇವೆ. ಕೆಳದಿಯ ಗುಂಡಾ ಜೋಯಿಸರು ಬಹುಕಾಲ ಶ್ರಮಿಸಿ ಇಂಥ ಓಲೆಗಳನ್ನೂ ಅರಸರ ಕಾಲದ ವಸ್ತುಗಳನ್ನೂ ಕೂಡಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಒಬ್ಬ ವ್ಯಕ್ತಿಯ ಕಾಯಕ ಒಂದು ಸೀಮೆಯ ನೆನಪನ್ನೇ ಉಳಿಸಿತು. ಶಿಸ್ತಿನ ಹನ್ನೆರಡು ವರ್ಷಗಳ ಸಂಗತಿ ಇಂದು ತಿಳಿದಿರುವುದೂ ಯಾರೋ ಬರೆದಿಟ್ಟುದರಿಂದ, ಯಾರೋ ಕಾಪಾಡಿದುದರಿಂದ ಅಲ್ಲವೇ? ಓಲೆಯನ್ನು ಪೂಜೆಗಿಟ್ಟು ಓದದಿರುವುದು ಲಿಂಗವನ್ನು ಕಟ್ಟಿಕೊಂಡು ಧ್ಯಾನಿಸದಿರುವಂತೆ. ಅಂಥ ಕಟ್ಟುಗಳುಳ್ಳ ಭಕ್ತರು ಅವುಗಳನ್ನು ವಿದ್ವಾಂಸರಿಗೆ ತೋರಿಸಿ ಪ್ರತಿ ತೆಗೆಯಿಸಲಿ. ಮೂಲವು ಮನೆಯಲ್ಲಿಯೇ ಉಳಿದರೂ ಅಡ್ಡಿಯಿಲ್ಲ, ಅಕ್ಷರವು ಉಳಿದರೆ ಸಾಕು.

ಹಾಗಾದರೆ ಮಠವೂ ಭಕ್ತಸಮುದಾಯವೂ ಮಾಡತಕ್ಕುದೇನು? ಮೂರು ಕಾರ್ಯಗಳು. ಒಂದನೆಯದು, ಮಠದ ತೋಟದ ಒಂದು ಭಾಗವನ್ನು ವಿಶ್ವವಿದ್ಯಾನಿಲಯದ ಪ್ರಯೋಗಕ್ಕೆ ಬಿಟ್ಟುಕೊಡುವುದು. ಬಡ ಒಕ್ಕಲಿಗನು ಹೊರಲಾರದ ನಷ್ಟದ ಭಯವನ್ನು ಮಠದ ಭೂಮಿ ಹೊರಲಿ. ಶಿವಪ್ಪನಾಯಕನ ಅರಮನೆ ಮಾಡಿದ ಕೆಲಸವನ್ನು ಈ ಕಾಲದಲ್ಲಿ ಗುರುಮನೆ ಮಾಡಲಿ. ಎರಡನೆಯದು, ಮಳೆಗೆ ಮುನ್ನ ಗ್ರಾಮಗ್ರಾಮದಲ್ಲಿಯೂ ದಿನವೊಂದನ್ನು ಗೊತ್ತುಮಾಡಿ, ವಿಧವೆಯ ತೋಟ, ವೃದ್ಧರ ತೋಟ ಎಂದು ಬಿಡದೆ ಎಲ್ಲ ತೋಟಗಳ ಒಣಸೋಗೆಯನ್ನೂ ಊರವರೆಲ್ಲ ಕೂಡಿ ತೆಗೆಯುವುದು. ಇದನ್ನು ಜಾತಿಮತಗಳ ಭೇದವಿಲ್ಲದೆ ಮಾಡಬೇಕು, ರೋಗವು ಜಾತಿಯನ್ನು ಕೇಳಿ ಬರುವುದಿಲ್ಲ. ಮೂರನೆಯದು, ಮಠದ ಶಿವಾನುಭವಗೋಷ್ಠಿಯಲ್ಲಿ ವರ್ಷಕ್ಕೊಮ್ಮೆಯಾದರೂ ವಿಶ್ವವಿದ್ಯಾನಿಲಯದ ವಿದ್ವಾಂಸರನ್ನು ಕರೆಯಿಸಿ, ಹಿಂದಿನ ವರ್ಷ ಅವರು ಹೇಳಿದುದರಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲವೆಂಬುದನ್ನು ಒಕ್ಕಲಿನವರ ಬಾಯಿಂದಲೇ ಹೇಳಿಸಿ ಬರೆದಿಡುವುದು.

ಹನ್ನೆರಡು ವರ್ಷ ಹೀಗೆ ಬರೆದಿಟ್ಟರೆ ಶ್ರೀಮಠದ ಭಂಡಾರದಲ್ಲಿ ಇನ್ನೊಂದು ಶಿಸ್ತು ಸಿದ್ಧವಾಗುವುದು. ಮೊದಲನೆಯದು ಒಕ್ಕಲಿನವನಿಂದ ಅರಮನೆಗೆ ಸಲ್ಲತಕ್ಕುದನ್ನು ಗೊತ್ತುಮಾಡಿತು. ಎರಡನೆಯದು ವಿದ್ಯೆಯಿಂದ ಒಕ್ಕಲಿನವನಿಗೆ ಸಲ್ಲತಕ್ಕುದನ್ನು ಗೊತ್ತುಮಾಡಲಿ. ಮಲೆನಾಡಿನ ತೋಟಗಳು ಹಸುರಾಗಿ, ಭಕ್ತರ ಮನೆಗಳು ತಂಪಾಗಿ, ಗುರುಮನೆಯ ದಾಸೋಹವು ಅವಿಚ್ಛಿನ್ನವಾಗಿ ನಡೆಯುವಂತೆ ಪರಶಿವನು ಅನುಗ್ರಹಿಸಲಿ.

ಶಿವಾರ್ಪಣಮಸ್ತು.