ಚೊಕ್ಕಾಡಿಯಿಂದ ಹೊರಟ ಹಾಡು



ಸುಳ್ಯ ಸೀಮೆಯ ಚೊಕ್ಕಾಡಿಯಲ್ಲಿ 1940ರಲ್ಲಿ ಜನಿಸಿ, ಅಧ್ಯಾಪನವನ್ನು ವೃತ್ತಿಯಾಗಿಯೂ ಕಾವ್ಯವನ್ನು ವ್ರತವಾಗಿಯೂ ಕೈಗೊಂಡ ಸುಬ್ರಾಯ ಚೊಕ್ಕಾಡಿಯವರ ಹೆಸರನ್ನು ಕೇಳಿರದವರೂ ‘ಮುನಿಸು ತರವೇ ಮುಗುದೆ’ ಎಂಬ ಅವರ ಹಾಡನ್ನು ಒಮ್ಮೆಯಾದರೂ ಗುನುಗಿಯೇ ಇರುತ್ತಾರೆ. ನವ್ಯಮಾರ್ಗದ ಕವಿಯೊಬ್ಬರಿಗೆ ಲೋಕಪ್ರಿಯತೆ ಒದಗಿದುದು ಭಾವಗೀತೆಯ ದ್ವಾರದಿಂದ. ಇದರಿಂದ ಅವರ ಉಳಿದ ಕಾವ್ಯಕ್ಕೆ ಅನ್ಯಾಯವಾಯಿತೆನ್ನುವವರಿದ್ದಾರೆ, ನನಗೆ ಹಾಗೆ ತೋರುವುದಿಲ್ಲ.

ಕವಿತೆಯನ್ನು ಓದುವುದಕ್ಕಿಂತ ಕೇಳುವುದನ್ನೇ ಕನ್ನಡಿಗರಿಗೆ ಅಭ್ಯಾಸಮಾಡಿಸಿದವರಲ್ಲಿ ಅಗ್ರಗಣ್ಯರಾದ ಪಿ. ಕಾಳಿಂಗರಾಯರು ನಮ್ಮ ಕರಾವಳಿಯ ಆರೂರಿನವರು. ಅವರ ತರುವಾಯ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಸಂಯೋಜಿಸಲು, 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಹೊರಬಂದು, ಸುಗಮ ಸಂಗೀತವು ಸಭಾಭವನದಿಂದ ಮನೆಯ ಜಗಲಿಗೆ ಇಳಿಯಿತು. ಅದಕ್ಕೆ ತುಸು ಮೊದಲು, 1976ರ ಡಿಸೆಂಬರ್ 11ರಂದು, ಮಂಗಳೂರು ಆಕಾಶವಾಣಿ ಆರಂಭವಾಗಿತ್ತು. ಪುತ್ತೂರಿನ ಕಡೆಯ ನಮ್ಮ ಮನೆಯಲ್ಲಿ, ರಾತ್ರಿ ಚಾಲಿ ಅಡಿಕೆ ಸುಲಿಯುತ್ತ ಕುಳಿತವರ ನಡುವೆ ರೇಡಿಯೋವನ್ನು ಗೋಣಿಚೀಲದ ಮೇಲಿಟ್ಟು, ಭಾವಗೀತೆ ಬಂದಾಗ ಅಮ್ಮ ಮಾತು ನಿಲ್ಲಿಸಿರೆಂದು ಕೈಸನ್ನೆ ಮಾಡುತ್ತಿದ್ದುದೂ, ಹಾಡು ಮುಗಿಯುವ ತನಕ ಸಿಪ್ಪೆ ಬೀಳುವ ಸದ್ದೊಂದೇ ಉಳಿಯುತ್ತಿದ್ದುದೂ ನನ್ನ ಸ್ಮೃತಿಯಲ್ಲಿ ಇಂದಿಗೂ ಅಳಿಯದೆ ಇವೆ.

ಅಂದಿನಿಂದ ‘ಮುನಿಸು ತರವೇ’ ಗೀತೆಯನ್ನು ನಾನು ಎಷ್ಟು ಕಂಠಗಳಲ್ಲಿ ಕೇಳಿದೆನೆಂದು ಎಣಿಸಲಾರೆ: ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ, ಮದುವೆಯ ಚಪ್ಪರದಲ್ಲಿ, ಬಸ್ಸಿನಲ್ಲಿ, ಈಚೆಗೆ ಮೊಬೈಲಿನ ಪುಟ್ಟ ಪರದೆಯ ಮೇಲೆ. ಧಾಟಿ ಬಹುಮಟ್ಟಿಗೆ ಅದೇ, ನುಡಿಗಳೂ ಅವೇ. ಬದಲಾಗುವುದು ‘ತರವೇ’ ಎಂಬ ಒಂದು ಪದದ ಉಚ್ಚಾರ. ಕೊನೆಯ ಏಕಾರವನ್ನು ಮೊಟಕುಗೊಳಿಸಿದರೆ ಅದು ಆಕ್ಷೇಪಣೆಯಾಗುತ್ತದೆ, ಉಸಿರು ಬೆರೆಸಿ ಎಳೆದರೆ ಯಾಚನೆಯಾಗುತ್ತದೆ. ಹೆಣ್ಣುಮಕ್ಕಳು ಹಾಡಿದಾಗಲಂತೂ ಪ್ರಣಯಿಯ ಮಾತು ಸಖಿಯ ಸಾಂತ್ವನವಾಗಿ ಮಾರ್ಪಡುವುದುಂಟು. ‘ಮುಗ್ಧೆ’ ಎಂಬ ಸಂಸ್ಕೃತದ ಒತ್ತಕ್ಷರವನ್ನು ಬಿಡಿಸಿ ‘ಮುಗುದೆ’ ಎಂದುದರಲ್ಲಿಯೇ ಕವಿಯು ಹಾಡುವವರಿಗೆ ಅರ್ಧ ದಾರಿಯನ್ನು ಸವೆಸಿ ಕೊಟ್ಟಿದ್ದಾರೆ.

ನಾಡಗೀತೆಯ ಕಥೆ ಇದಕ್ಕೆ ವಿಪರೀತ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯು 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಮೇಲೆ, ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂಬ ಚರ್ಚೆ ಬಹುಕಾಲ ನಡೆದು, ಕಡೆಗೆ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯನ್ನೇ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಸರ್ಕಾರವು ಆಜ್ಞಾಪಿಸಿತು. ಅಲ್ಲಿ ನುಡಿ ಸ್ಥಿರವಾಗಿ ರಾಗ ಚಂಚಲವಾಯಿತು. ಭತ್ತದ ನೇಜಿ ನೆಡುವ ನಮ್ಮ ತುಳು ಹೆಂಗಸರ ‘ಓ ಬೇಲೆ’ ಹಾಡಿನಲ್ಲಾದರೋ ಧಾಟಿಯೇ ಸ್ಥಿರ, ಒಬ್ಬಾಕೆ ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಕೆಸರಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಹಿಡಿದೆತ್ತುವಾಗ, ಗದ್ದೆಯಿಂದ ಗದ್ದೆಗೆ ಮಾತು ಬೇರೆಯಾಗುತ್ತಿತ್ತು, ಯಾರ ರಚನೆಯೆಂದು ಕೇಳುವವರೂ ಇರಲಿಲ್ಲ. ಗದ್ದೆಗಳು ಅಡಿಕೆ ತೋಟಗಳಾದಂತೆ ಆ ಹಾಡುಗಳೂ ವಿರಳವಾದವು. ಅದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಕಡಬದ ಕಡೆಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಏಳನೆಯ ತರಗತಿಯ ಬಾಲಿಕೆಯೊಬ್ಬಳು, ಮೊಬೈಲಿನಿಂದ ಬರುತ್ತಿದ್ದ ಹಿನ್ನೆಲೆ ವಾದ್ಯಕ್ಕೆ ಹೊಂದಿಕೊಂಡು ‘ಮುನಿಸು ತರವೇ’ ಹಾಡನ್ನೇ ಆರಂಭಿಸಿದಳು. ಶ್ರುತಿಯು ಅವಳಿಗೆ ನಿಲುಕದಷ್ಟು ಏರಿನಲ್ಲಿದ್ದುದರಿಂದ ಎರಡನೆಯ ಸಾಲಿಗೇ ಸ್ವರ ಒಡೆದು ಸುಮ್ಮನಾದಳು. ಟೀಚರು ಬಂದು ವಾದ್ಯವನ್ನು ನಿಲ್ಲಿಸಿ, ನಿನಗೆ ಬಂದ ಹಾಗೆ ಹಾಡು ಮಗಾ ಎಂದರು. ಅವಳು ತನ್ನದೇ ಶ್ರುತಿಯಲ್ಲಿ ಮೊದಲಿನಿಂದ ಎತ್ತಿಕೊಂಡಾಗ, ಬಿಸಿಯೂಟದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಇಬ್ಬರು ಹೆಂಗಸರು, ಹಿಂದೊಮ್ಮೆ ನೇಜಿ ನೆಟ್ಟವರೇ ಇರಬೇಕು, ಸಾಲಿನ ಕೊನೆಯಲ್ಲಿ ಮೆಲ್ಲನೆ ದನಿಗೂಡಿಸಿ ಆ ‘ತರವೇ’ಯನ್ನು ಗದ್ದೆಯ ಇನ್ನೊಂದು ಅಂಚಿಗೆ ಕೇಳಿಸುವಂತೆ ಎಳೆದರು.