ಗವಾನ್ ಮದ್ರಸ: ಮಿನಾರಿನ ಹಿಂದಿನ ಕೊಠಡಿಗಳು



ಬೀದರಿನ ಮಹಮೂದ್ ಗವಾನ್ ಮದ್ರಸವನ್ನು ನಾವು ಸ್ಮಾರಕವೆನ್ನುತ್ತೇವೆ. ಕಟ್ಟಿಸಿದವರ ಮನಸ್ಸಿನಲ್ಲಿದ್ದುದು ಸ್ಮಾರಕವಲ್ಲ, ವಿದ್ಯಾಲಯ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472ರಲ್ಲಿ ಇದನ್ನು ಕಟ್ಟಿಸಿದರು. ನಡುವೆ ವಿಶಾಲ ಅಂಗಳ. ಸುತ್ತ ಮೂರು ಅಂತಸ್ತುಗಳಲ್ಲಿ ಉಪನ್ಯಾಸದ ಸಭಾಂಗಣಗಳು, ವಿದ್ಯಾರ್ಥಿಗಳ ಕೊಠಡಿಗಳು, ಮಸೀದಿ, ಗ್ರಂಥಾಲಯ. ಸುಮಾರು 3000 ಹಸ್ತಪ್ರತಿಗಳು ಅಲ್ಲಿದ್ದವೆಂದು ಹೇಳಲಾಗುತ್ತದೆ. ಮುಂಭಾಗದ ನೀಲಿ, ಹಳದಿ, ಬಿಳಿ ಹೊಳಪಿನ ಬಿಲ್ಲೆಗಳ ಕಲೆ ಇರಾನ್, ಮಧ್ಯ ಏಷ್ಯಾಗಳದ್ದು, ನೆಲ ದಖ್ಖನಿನದು.

1481ರಲ್ಲಿ ವಿರೋಧಿಗಳು ಸೃಷ್ಟಿಸಿದ ನಕಲಿ ಪತ್ರವನ್ನು ನಂಬಿ ಸುಲ್ತಾನ ಮೂರನೇ ಮುಹಮ್ಮದ್ ಷಾ ಗವಾನರನ್ನು ಕೊಲ್ಲಿಸಿದನು. ಮುಂದೆ ಮೊಗಲರ ಕಾಲದಲ್ಲಿ ಮದ್ರಸದೊಳಗೆ ಸಿಡಿಮದ್ದಿನ ದಾಸ್ತಾನು ಸೇರಿತು. 1696ರಲ್ಲಿ ಅದು ಸ್ಫೋಟಿಸಿ ಮುಂಭಾಗದ ಒಂದು ಮಿನಾರು, ಹೆಬ್ಬಾಗಿಲು ನೆಲಕಚ್ಚಿದವು. ಸಿಡಿಲು ಬಡಿಯಿತೆನ್ನುವವರೂ ಇದ್ದಾರೆ. ಆದರೆ ಮದ್ದನ್ನು ಅಲ್ಲಿರಿಸಿದ್ದು ಸಿಡಿಲಲ್ಲ. ಗ್ರಂಥಗಳ ಮನೆಯನ್ನು ಮದ್ದಿನ ಮನೆಯಾಗಿಸಿದವರೂ ಕಲಿಮಾ ಓದುವವರೇ ಆಗಿದ್ದರು. ಈ ಸಂಗತಿಯನ್ನು ನಮ್ಮ ವೇದಿಕೆಗಳಲ್ಲಿ ಯಾರೂ ಎತ್ತುವುದಿಲ್ಲ.

ಇಂದು ಕಟ್ಟಡವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಲಾಖೆಯನ್ನು ದೂರುವುದು ಸುಲಭ. ಸ್ಮಾರಕಗಳ ಗೋಡೆಗಳ ಮೇಲೆ ಹೆಸರು ಗೀಚುವವರಲ್ಲಿ ನಮ್ಮ ಮಕ್ಕಳೂ ಇದ್ದಾರಲ್ಲವೇ? ಗುಂಬಜುಗಳ ಹೆಸರಿನಲ್ಲಿ ಎದೆಯುಬ್ಬಿಸುವ ನಮ್ಮ ಎಷ್ಟೋ ಮೊಹಲ್ಲಾಗಳಲ್ಲಿ ಮಸೀದಿಗೆ ಎರಡನೆಯ ಮಿನಾರು ಏರುತ್ತದೆ, ವಾಚನಾಲಯಕ್ಕೆ ಒಂದು ಕೋಣೆ ದೊರೆಯುವುದಿಲ್ಲ.

ರಜೆಯಲ್ಲಿ ಬೀದರಿಗೆ ಹೋಗುವವರಲ್ಲಿ ಒಂದು ವಿನಂತಿ. ಉಳಿದಿರುವ ಮಿನಾರಿನ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗಬೇಡಿ. ಒಳಗೆ ಹೋಗಿರಿ. ಗಾಳಿ, ಬೆಳಕು ಬರಲೆಂದು ಕೊಠಡಿಗಳಿಗೆ ಇರಿಸಿದ ಕಿಟಕಿಗಳನ್ನು ಹೆಣ್ಣು ಗಂಡೆನ್ನದೆ ಮಕ್ಕಳಿಗೆಲ್ಲ ತೋರಿಸಿರಿ; ಇಲ್ಲಿ ಕುಳಿತು ಓದುತ್ತಿದ್ದರೆಂದು ಹೇಳಿರಿ.